‘ದಿ ಅನ್‌ಕಾಮನ್ ರೀಡರ್’: ಬಳಗದಲ್ಲಿ ಕನ್ನಡಕ್ಕಿಳಿಸುತ್ತಾ ಓದೋದು ಹೇಗೆ?

ಸಕ್ಕರೆನಾಡು:
ಮಂಡ್ಯದಲ್ಲಿ ನಮ್ಮದು ಎಂಟು ಜನರ ಓದುಬಳಗ. ಮುಂದಿನ ತಿಂಗಳಿಗೆ ಅಲನ್ ಬೆನೆಟ್ ಅವರ 2007ರ ಈ ಕಿರುಕಾದಂಬರಿ ಆರಿಸಿದ್ದೇವೆ. ಇಂಗ್ಲೆಂಡಿನ ರಾಣಿ ನಾಯಿಗಳ ಹಿಂದೆ ಹೋಗಿ, ಅರಮನೆಯ ಅಡುಗೆಮನೆ ಹತ್ತಿರ ಸಂಚಾರಿ ಗ್ರಂಥಾಲಯದ ಗಾಡಿ ಕಂಡು, ದಾಕ್ಷಿಣ್ಯಕ್ಕೊಂದು ಪುಸ್ತಕ ತಗೊಂಡು, ಓದಿನ ಹುಚ್ಚಿಗೆ ಬೀಳುವ ಕತೆ. ಇಂಗ್ಲಿಷ್ ಸಲೀಸಾಗಿ ಬರೋದು ಮೂವರಿಗೆ. ಅವರು ಓದುತ್ತಾ ಕನ್ನಡದಲ್ಲಿ ಹೇಳಬೇಕು. ಅಧ್ಯಾಯಗಳಿಲ್ಲ, ಎಲ್ಲೆಲ್ಲಿ ನಿಲ್ಲಿಸೋದು? ರಾಣಿಯ ಮಾತಿನ ಧಾಟಿ ಕನ್ನಡಕ್ಕೆ ಹೇಗೆ ತರೋದು?

ಕುಕ್ಕರಹಳ್ಳಿ ದಂಡೆ:
ಪುಸ್ತಕ ಸುಮಾರು 120 ಪುಟ. ಬರೀ ಇಂಗ್ಲಿಷ್ ಗಟ್ಟಿಯಾಗಿ ಓದಿದರೆ ಪುಟಕ್ಕೆ ಒಂದೂವರೆ ನಿಮಿಷ, ಕನ್ನಡದಲ್ಲೂ ಹೇಳಿದರೆ ನಾಲ್ಕು. ಒಂದು ಸಲಕ್ಕೆ 30 ಪುಟ, ಎರಡು ಗಂಟೆ, ನಾಲ್ಕು ಭಾನುವಾರ. ಆದರೆ ಪುಟ ಎಣಿಸಿ ನಿಲ್ಲಿಸಬೇಡಿ, ಘಟನೆ ನೋಡಿ ನಿಲ್ಲಿಸಿ. ಎರಡನೇ ಪುಸ್ತಕ, ನ್ಯಾನ್ಸಿ ಮಿಟ್‌ಫರ್ಡ್ ಅವರದು, ರಾಣಿಗೆ ಹಿಡಿಸಿದ ಮೇಲೆ ಒಂದು ನಿಲುಗಡೆ. ಕೆನಡಾ ಪ್ರವಾಸ ಮುಗಿಸಿ ಬರುವಷ್ಟರಲ್ಲಿ ಪುಸ್ತಕ ಆರಿಸಿಕೊಡುತ್ತಿದ್ದ ಹುಡುಗ ನಾರ್ಮನ್ ಇರುವುದಿಲ್ಲ, ಅಲ್ಲಿ ಇನ್ನೊಂದು.

ವಾಕ್ಯ ವಾಕ್ಯಕ್ಕೂ ಅನುವಾದ ಮಾಡಬೇಡಿ. ನಗು ವಾಕ್ಯದ ಕೊನೇ ಪದದಲ್ಲಿರುತ್ತೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರೋದರಿಂದ ಆ ಪದ ನಡುವೆ ಸಿಕ್ಕಿಕೊಂಡು ನಗು ಸಾಯುತ್ತೆ. ಒಂದು ಪ್ಯಾರಾ ಪೂರ್ತಿ ಓದಿ, ಆಮೇಲೆ ಹೇಳಿ.

ನಜರ್‌ಬಾದ್:
ನಿಜವಾದ ಕಷ್ಟ ರಾಣಿಯ ‘ಒನ್’. ಆಕೆ ‘ನಾನು’ ಅನ್ನಬೇಕಾದ ಎಷ್ಟೋ ಕಡೆ ‘ಒನ್’ ಅನ್ನುತ್ತಾರೆ. ಎಲ್ಲರೂ ಥಟ್ಟನೆ ‘ನಾವು’ ಹಾಕ್ತಾರೆ, ತಪ್ಪು. ‘ನಾವು’ ಅಂದರೆ ದರ್ಬಾರಿನ ಗತ್ತು ಬರುತ್ತೆ. ‘ಒನ್’ನಲ್ಲಿರೋದು ತನ್ನನ್ನೇ ಮರೆಮಾಡಿಕೊಳ್ಳುವ ಸಂಕೋಚ. ಕನ್ನಡದಲ್ಲಿ ಕರ್ತೃವನ್ನೇ ಬಿಟ್ಟುಬಿಡಬಹುದಲ್ಲ, ಅದನ್ನು ಬಳಸಿ: ‘ಓದಬೇಕು ಅನ್ನಿಸುತ್ತೆ’, ‘ಓದಿದ್ದಾಯ್ತು’, ‘ಗೊತ್ತಾಗೋದಿಲ್ಲ’. ಯಾರು ಅಂತ ಹೇಳದೆಯೇ ಯಾರದ್ದು ಅಂತ ತಿಳಿಯುತ್ತೆ. ಇಲ್ಲಿ ನಮ್ಮ ಭಾಷೆಗೆ ಇಂಗ್ಲಿಷಿಗಿಂತ ಸಲೀಸು.

ಸರ್ ಕೆವಿನ್‌ನನ್ನು ‘ದಿವಾನ’ ಅನ್ನಬೇಡಿ. ದಿವಾನರು ರಾಜ್ಯದ ಆಡಳಿತ ನಡೆಸುತ್ತಿದ್ದವರು, ಈತ ರಾಣಿಯ ಖಾಸಗಿ ಕಾರ್ಯದರ್ಶಿ. ಮೈಸೂರು ಅರಮನೆಯ ‘ಹುಜೂರ್ ಸೆಕ್ರೆಟರಿ’ ಅಂದರೆ ಸರಿಯಾಗಿ ಕೂರುತ್ತೆ. ‘ಮ್ಯಾಮ್’ಗೆ ‘ಅಮ್ಮಾವ್ರೆ’ ಸಾಕು. ‘ಮಹಾಸನ್ನಿಧಾನ’ ಅಂದರೆ ನಾರ್ಮನ್ ಬಾಯಲ್ಲಿ ನಾಟಕದ ಮಾತಾಗುತ್ತೆ.

ಹೆಸರಿನ ಶ್ಲೇಷೆಯನ್ನು ಮೊದಲ ದಿನವೇ ಬಿಡಿಸಿ. ‘ಕಾಮನ್ ರೀಡರ್’ ಅನ್ನೋದು ಸ್ಯಾಮ್ಯುಯೆಲ್ ಜಾನ್ಸನ್ ಬಳಸಿದ ಮಾತು, ವರ್ಜೀನಿಯಾ ವುಲ್ಫ್ 1925ರಲ್ಲಿ ಪ್ರಬಂಧ ಸಂಕಲನಕ್ಕೆ ಅದನ್ನೇ ಹೆಸರಿಟ್ಟರು. ‘ಕಾಮನರ್’ ಅಂದರೆ ರಾಜಮನೆತನದವರಲ್ಲದ ಪ್ರಜೆ ಅನ್ನೋದೂ ಸೇರಿಕೊಂಡಿದೆ. ‘ಅಸಾಮಾನ್ಯ ಓದುಗಿ’ ಅಂದರೆ ಅರ್ಧವೇ ಬಂತು.

ಸಕ್ಕರೆನಾಡು:
ತುಂಬ ಉಪಕಾರ. ಒಳಗೆ ಬರುವ ಲೇಖಕರ ಹೆಸರುಗಳಿಗೆಲ್ಲ ಟಿಪ್ಪಣಿ ಮಾಡಬೇಕಾ? ಪುಸ್ತಕ ಒಂದೇ ಪ್ರತಿ ಇದೆ, ಜೆರಾಕ್ಸ್ ಹಂಚಬಹುದಾ?

ಕುಕ್ಕರಹಳ್ಳಿ ದಂಡೆ:
ಜೆರಾಕ್ಸ್ ಬೇಡ, ಹಕ್ಕು ಇರುವ ಪುಸ್ತಕ. ಓದುವ ಮೂವರಿಗೆ ಮೂರು ಪ್ರತಿ ಸಾಕು, ಉಳಿದವರು ಕೇಳಲಿ. ಗಮಕ ಕೇಳಿ ಬೆಳೆದ ಸೀಮೆ ಇದು, ಕೇಳೋದೂ ಓದೇ.

ಟಿಪ್ಪಣಿ ಒಬ್ಬರಿಗೆ ಮಾತ್ರ ಮಾಡಿ: ಐವಿ ಕಾಂಪ್ಟನ್-ಬರ್ನೆಟ್. ಅವರ ಕಾದಂಬರಿಗಳು ಬಹುಪಾಲು ಬರೀ ಸಂಭಾಷಣೆ, ಹೊಸಬರಿಗೆ ಒಣಕಲು. ರಾಣಿ ಮೊದಲು ತಗೊಳ್ಳೋದು ಅದನ್ನೇ, ಹೇಗೋ ಮುಗಿಸಿ ವಾಪಸ್ ಕೊಡ್ತಾರೆ. ಎಷ್ಟೋ ಓದಿದ ಮೇಲೆ ಮತ್ತೆ ಅದೇ ಲೇಖಕಿಯನ್ನು ಹಿಡಿದಾಗ ಸಲೀಸಾಗಿ ಓದಿಸಿಕೊಂಡು ಹೋಗುತ್ತೆ. ಪುಸ್ತಕ ಬದಲಾಗಿಲ್ಲ, ಓದುವ ಕಸುವು ಬೆಳೆದಿದೆ. ಈ ಕೃತಿಯ ಜೀವ ಇರೋದೇ ಈ ಎರಡು ಜಾಗದ ನಡುವೆ. ಮೊದಲನೇ ಜಾಗಕ್ಕೆ ಚೀಟಿ ಇಟ್ಟುಕೊಂಡಿದ್ದು, ಎರಡನೆಯದು ಬಂದಾಗ ಅದನ್ನು ಮತ್ತೊಮ್ಮೆ ಓದಿ.

ನಜರ್‌ಬಾದ್:
ಕೊನೆಯಲ್ಲಿ ಬರುವ, ರಾಣಿಯ ಎಂಬತ್ತರ ಹುಟ್ಟುಹಬ್ಬದ ಚಹಾಕೂಟದ ಭಾಗವನ್ನು ಮಾತ್ರ ಮೊದಲೇ ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ. ಕೊನೇ ವಾಕ್ಯದಲ್ಲಿ ತಡವರಿಸಿದರೆ ಅದರ ಬಿಗಿಯೇ ಹೋಗುತ್ತೆ.