ಟೈಮರ್ ಬಂದ್ ಮಾಡಿದ್ರೂ ಲಾನ್ ಸ್ಪ್ರಿಂಕ್ಲರ್ ನೀರು ನಿಲ್ಲವಲ್ದು, ಎಲ್ಲಿ ಬಂದ್ ಮಾಡ್ಬೇಕ್ರಿ? (ಕಲಬುರಗಿ)

ಹಸಿರು_ಅಂಗಳ · ಮುಂಜಾನಿ 6:40
ನಮಸ್ಕಾರ್ರಿ ಎಲ್ಲರಿಗೂ. ನಿನ್ನಿ ರಾತ್ರಿಯಿಂದ ತಲಿ ಕೆಟ್ಟು ಹೋಗ್ಯದ. ಮನಿ ಮುಂದ ಸಣ್ಣ ಲಾನ್ ಅದ, ಎರಡು ವರ್ಷದ ಹಿಂದ ನೀರು ಬಿಟ್ಟಾಗ ನೆಲದಿಂದ ಮ್ಯಾಲ ಏಳೋ ಪಾಪ್-ಅಪ್ ಸ್ಪ್ರಿಂಕ್ಲರ್ ಹಾಕ್ಸೀವಿ, 8 ಹೆಡ್, 2 ಜೋನ್ (ಬ್ಯಾರೆ ಬ್ಯಾರೆ ನೀರು ಬಿಡೋ ಎರಡು ಭಾಗ). ಗೇಟಿನ ಬಾಜೂಕಿನ ಹೆಡ್ಡಿಂದ ನೀರು ಹರೀಲತ್ತದ, ಫರ್ಸಿ ಮ್ಯಾಲಿಂದ ಸೀದಾ ರಸ್ತಾಕ್ಕ ಹೊಂಟದ. ಟೈಮರ್ ಬಂದ್ ಮಾಡ್ದೆ, ಪ್ಲಗ್ಗೇ ಕಿತ್ತು ಇಟ್ಟೆ, ಆದ್ರೂ ನಿಲ್ಲವಲ್ದು. ಮುಂಜಾನಿ ಎದ್ದು ನೋಡಿದ್ರ ಮುಖ ತೊಳ್ಕೊಳ್ಳಾಕೂ ನೀರಿಲ್ಲ, ಮತ್ತ ಮೋಟರ್ ಹಚ್ಚಿದ್ರ ಮತ್ತ ಅದೇ ಕತಿ. ಇಂಥಾ ಬ್ಯಾಸಗ್ಯಾಗ ನಮ್ಮ ಓಣ್ಯಾಗ ನಳ ಐದು ದಿನಕ್ಕೊಮ್ಮಿ ಬರ್ತದ, ಬಾಜೂ ಮನ್ಯಾರು ಕೊಡ ಹಿಡ್ಕೊಂಡು ಟ್ಯಾಂಕರ್ ದಾರಿ ಕಾಯ್ತಾರ, ನಮ್ಮ ಗೇಟಿಂದ ನೀರು ಹರ್ದು ಹೋಗೋದು ಅವರು ನೋಡ್ತಾರ, ಅವರ ಮುಖ ನೋಡ್ಲಿಕ್ಕ ನಂಗ ಆಗವಲ್ದು. ಹಾಕಿದವರು ಫೋನ್ ಎತ್ತವಲ್ರು. ಲಗೂನ ಹೇಳ್ರಿ ಯಾರಾದ್ರೂ.

ವೈರಿಂಗ್_ಬೀದರ್ · 7:05
ಪಕ್ಕಾ ಸೊಲೆನಾಯ್ಡ್ ಕಾಯಿಲ್ ರೀ, ಅಂದ್ರ ಕರೆಂಟಿಲೇ ವಾಲ್ ತೆಗೆಯೋ ತಂತಿ ಸುರುಳಿ. ಟೈಮರಿಂದ ವಾಲಿಗಿ 24 ವೋಲ್ಟ್ ಎ.ಸಿ. ಹೋಗ್ತದ, ಕಾಯಿಲ್ ಕೆಟ್ರ ಹಿಂಗೇ ಆಗ್ತದ. ಮೀಟರ್ ತಗೊಂಡು ಓಮ್ಸ್ ನೋಡ್ರಿ, ಸಾಮಾನ್ಯ 20ರಿಂದ 60 ಒಳಗ ಬರ್ಬೇಕು. ಎಲ್ಲಾ ವಾಲಿಗೂ ಹೋಗೋ ಕಾಮನ್ ವೈರಿನ ಜಾಯಿಂಟ್ ಮಣ್ಣಾಗ ತೊಯ್ದು ಶಾರ್ಟ್ ಆಗಿರ್ಬಹುದು, ಅದೂ ನೋಡ್ರಿ.

ನಳದ_ಕೆಲಸ · 7:20
ಪ್ಲಗ್ ಕಿತ್ತ ಮ್ಯಾಲ ಕರೆಂಟ್ ಎಲ್ಲಿಂದ ಬರ್ತದ ಅಣ್ಣಾ? ಈ ವಾಲ್ ಕರೆಂಟ್ ಬಂದ್ರ ತೆಗೀತದ, ಹೋದ್ರ ಮುಚ್ತದ. ಕಾಯಿಲ್ ಸುಟ್ರ ನೀರು ಬರೋದೇ ಇಲ್ಲ, ನಿಲ್ಲದಂಗ ಹೆಂಗ ಆಗ್ತದ?
ಮೊದಲ ನೀರು ನಿಲ್ಲಸ್ರಿ, ಕಾರಣ ಆಮ್ಯಾಲ ಹುಡುಕೋಣ. ಗಾರ್ಡನ್ ಲೈನಿಗಿ ಒಂದು ಬಾಲ್ ವಾಲ್ ಇರ್ತದ, ಹಿಡಿಕಿ ಪೈಪಿನ ಉದ್ದಕ್ಕ ಇದ್ರ ಚಾಲೂ, ಅಡ್ಡ ತಿರುವಿದ್ರ ಬಂದ್.

ವೈರಿಂಗ್_ಬೀದರ್ · 7:26
ನಾ ಹೇಳಿದ್ದು ಅನುಭವದಿಂದ. ನಮ್ಮಲ್ಲಿ ಎರಡು ಸಲ ಕಾಯಿಲ್ ಬದಲಿ ಮಾಡಿದ ಮ್ಯಾಲೇ ಸರಿ ಆತು. ಓಮ್ಸ್ ನೋಡೋದ್ರಾಗ ತಪ್ಪೇನದ?

ಹಸಿರು_ಅಂಗಳ · 7:50
ಮಾಳಗಿ ಮ್ಯಾಲ ಹೋಗಿ ಬಂದೆ. ಅಲ್ಲಿ ಒಂದು ಬಾಲ್ ವಾಲ್ ಅದ, ಅದು ಬಂದ್ ಮಾಡಿದ್ರ ಅಡಗಿ ಮನಿ ನಳ ನಿಂತ್ತು, ಲಾನ್ ನೀರು ಹಂಗೇ. ಇನ್ನೊಂದು ಹಿತ್ತಾಳಿ ಗೇಟ್ ವಾಲ್ ಅದ, ಅದರ ಚಕ್ರ ಸುಮ್ನ ಗಿರಗಿರ ತಿರುಗ್ತದ, ಬಿಗಿ ಆಗೋದೇ ಇಲ್ಲ.

ನಳದ_ಕೆಲಸ · 8:02
ಸ್ಪಿಂಡಲ್, ಅಂದ್ರ ಚಕ್ರದ ಒಳಗಿನ ಕಡ್ಡಿ, ಕಟ್ ಆಗ್ಯದ ಅದು. ಒಳಗಿನ ಗೇಟ್ ಮ್ಯಾಲೇ ಉಳ್ದದ, ಎಷ್ಟು ತಿರುವಿದ್ರೂ ಕೆಳಗ ಬರಲ್ಲ. ಅದಕ್ಕೇ ನಾ ಯಾರಿಗೂ ಗೇಟ್ ವಾಲ್ ಹಾಕಲ್ಲ. ನಮ್ಮ ಕಡಿ ಬೋರ್ ನೀರಿನ ಸುಣ್ಣ ಹತ್ತಿ ಗೇಟ್ ಜಾಮ್ ಆಗ್ತದ, ವರ್ಷಗಟ್ಲೆ ಯಾರೂ ಮುಟ್ಟಲ್ಲ, ಬೇಕಾದಾಗ ಜೋರಾಗಿ ತಿರುವ್ತಾರ, ಮುರೀತದ.

ಲೇಥ್_ಮಷೀನ್ · 8:15
ಹಿತ್ತಾಳಿ ಗೇಟ್ ವಾಲ್ ಕೆಟ್ಟದ್ದಲ್ಲ ಸರ್, ಹಗೂರ ಮುಚ್ತದ, ಲೈನಿಗಿ ಹೊಡ್ತ ಬೀಳಲ್ಲ. ಪ್ಲಾಸ್ಟಿಕ್ ಬಾಲ್ ವಾಲ್ ನಮ್ಮ ಬಿಸಲಾಗ ಎಷ್ಟು ದಿನ ತಡೀತದ? ಹಿಡಿಕಿ ಕೈಯಾಗೇ ಬರ್ತದ.

ನಳದ_ಕೆಲಸ · 8:19
ಅಗ್ಗದ್ದು ತಗೊಂಡ್ರ ಬರ್ತದ. ನಾ ಹಿತ್ತಾಳಿ ಬಾಲ್ ವಾಲ್ ಹಾಕ್ತೀನಿ.

ಜಯನಗರ_ಗಾರ್ಡನ್ · 8:30
ಬೇಜಾರ್ ಮಾಡ್ಕೋಬೇಡಿ ಸರ್, ಕಲಬುರಗಿ ಬಿಸಿಲಲ್ಲಿ ಲಾನ್ ಇಟ್ಕೊಳ್ಳೋದೇ ಕಷ್ಟ ಅಲ್ವಾ? ಮಧ್ಯಾಹ್ನ ಸ್ಪ್ರಿಂಕ್ಲರ್ ಬಿಟ್ರೆ ಅರ್ಧ ನೀರು ಗಾಳೀಲೇ ಹೋಗತ್ತೆ. ಡ್ರಿಪ್ ಹಾಕ್ಸಿ, ಗಿಡ ಹಚ್ಚಿ.

ತೊಗರಿ_ಹೊಲ · 8:41
ಡ್ರಿಪ್ ಅಂದ್ರ ನಂದೇ ನೋಡ್ರಿ. ಸೇಡಂ ಕಡಿ ನಾಲ್ಕು ಎಕರೆ ತೊಗರಿಗಿ 16 ಎಂ.ಎಂ. ಲ್ಯಾಟರಲ್, ಡಿಸ್ಕ್ ಫಿಲ್ಟರ್, ವೆಂಚುರಿ, ಎಲ್ಲಾ ಅವ. ಶೇಂಗಾಕ್ಕ ಬ್ಯಾರೆ ಹಿತ್ತಾಳಿ ನಾಝಲ್ ಸ್ಪ್ರಿಂಕ್ಲರ್ ಸೆಟ್, 75 ಎಂ.ಎಂ. ಪೈಪ್. ವಾರಕ್ಕೊಮ್ಮಿ ಫಿಲ್ಟರ್ ತೊಳೀತೀನಿ, ಇವತ್ತಿನ ತನಕ ಒಂದು ಹನಿ ಸೋರಿಲ್ಲ. ಫೋಟೋ ಹಾಕ್ಲೇನ್ರಿ?

ಹಸಿರು_ಅಂಗಳ · 8:47
ಅಣ್ಣಾರ, ಲಾನ್ ಬೇಕೋ ಬ್ಯಾಡೋ ಆಮ್ಯಾಲ ಮಾತಾಡೋಣ, ಇಲ್ಲಿ ನೀರು ಹೊಂಟದ್ರಿ. ಅಪ್ಪಗ ಮಂಡಿ ಬ್ಯಾನಿ, ಮನ್ಯಾಗ ಕೂತ್ರ ನೋಡ್ಲಿಕ್ಕ ಹಸಿರು ಇರ್ಲಿ ಅಂತ ಹಾಕ್ಸಿದ್ದು.

ಹಳೇ_ಪಂಪು · 9:10
ತಮ್ಮಾ, ಎರಡು ಮಾತು ಕೇಳ್ತೀನಿ. ಆ ಹೆಡ್ ಮ್ಯಾಲ ಎದ್ದು ನೀರು ಹಾರಿಸ್ತದೋ, ಕೂತಲ್ಲೇ ಜಿನುಗ್ತದೋ? ಮತ್ತ ಲಾನಿಗಿ ನೀರು ಬೋರಿಂದೋ, ಸಂಪಿಂದೋ, ಮ್ಯಾಲಿನ ಟಾಕಿಂದೋ?

ಹಸಿರು_ಅಂಗಳ · 9:18
ಕೂತಲ್ಲೇ ಜಿನುಗ್ತದ ಕಾಕಾ, ಏಳಲ್ಲ. ನೀರು ಮ್ಯಾಲಿನ ಟಾಕಿಂದ್ರಿ, ಎರಡಂತಸ್ತಿನ ಮ್ಯಾಲ ಅದ, 2000 ಲೀಟರ್. ಕೆಳಗ ಲೈನಿನ್ಯಾಗ ಬೂಸ್ಟರ್ ಪಂಪ್ ಅದ, ಟೈಮರ್ ಅದನ್ನ ಚಾಲೂ ಮಾಡ್ತದ. ಎಲ್ಲರ ಮನ್ಯಾಗೂ ಹಿಂಗೇ ಇರ್ತದ ಅಂತ ಬರೀಲಿಲ್ಲ.

ಹಳೇ_ಪಂಪು · 9:45
ಹಂಗಂದ್ರ ತಿಳೀತು. ನೀರಿನ ಎತ್ತರ 10 ಮೀಟರ್ ಇದ್ರ ಹತ್ತಿರ ಹತ್ತಿರ 1 ಬಾರ್ ಒತ್ತಡ. ನಿಂದು ಎಂಟು ಮೀಟರ್ ಇರ್ಬೇಕು, ಅಂದ್ರ 0.8 ಬಾರ್. ಪಾಪ್-ಅಪ್ ಛಲೋ ಹಾರ್ಬೇಕಂದ್ರ 2 ಬಾರ್ ಸುತ್ತಮುತ್ತ ಬೇಕು, ಅದಕ್ಕೇ ಬೂಸ್ಟರ್ ಹಾಕ್ಯಾರ. ಆದ್ರ ಪಂಪ್ ಬಂದ್ ಇದ್ರೂ ಟಾಕಿ ನೀರು ಅದರೊಳಗಿಂದ ಇಳೀತಾನೇ ಇರ್ತದ, ಪಂಪ್ ಅಂದ್ರ ಬಾಗಿಲಲ್ಲ. ತಡೀಬೇಕಾದ್ದು ಸೊಲೆನಾಯ್ಡ್ ವಾಲ್. ಅದರ ಡಯಾಫ್ರಾಮ್ (ನೀರು ತಡಿಯೋ ರಬ್ಬರ್ ಪರದಿ) ಕೆಳಗ ಒಂದು ಹರಳೋ ಸುಣ್ಣದ ಚಕ್ಕಿಯೋ ಕೂತ್ರ ಮುಚ್ಚಲ್ಲ, ನೀರು ಎಲ್ಲಕ್ಕಿಂತ ತಗ್ಗಿನ ಹೆಡ್ಡಿಂದ ಹೊರಗ ಬರ್ತದ. ನಿನ್ನ ಗೇಟಿನ ಕಡಿ ಇಳುಕಲು ಇರ್ಬೇಕು.

ಈಗ ಹಿಂಗ ಮಾಡು. ಮೊದಲ ಬೂಸ್ಟರಿನ ಎಂ.ಸಿ.ಬಿ. ಇಳಿಸು, ಅದು 230 ವೋಲ್ಟ್, ಮ್ಯಾಲ ವಾಲ್ ಬಂದ್ ಇದ್ದಾಗ ಪಂಪ್ ಓಡಿದ್ರ ನೀರು ಒಳಗೇ ಕಾಯ್ದು ಸೀಲ್ ಹೋಗ್ತದ. ಆಮ್ಯಾಲ ಲಾನಿನ್ಯಾಗ ಹಸಿರು ಮುಚ್ಚಳದ ವಾಲ್ ಡಬ್ಬಿ ಇರ್ತದ, ಹುಲ್ಲು ಬೆಳ್ದು ಮುಚ್ಚಿರ್ತದ, ಹಾರಿ ಹಾಕಿ ಅಗೀಬ್ಯಾಡ, ಕೈಲೇ ತಡಕು. ಮುಚ್ಚಳ ತೆಗೆದ ಕೂಡ್ಲೇ ಕೈ ಹಾಕ್ಬ್ಯಾಡ, ಈ ದಿನದಾಗ ಚೇಳು ಇರ್ತಾವ. ಎಷ್ಟೋ ವಾಲಿನ ನೆತ್ತಿ ಮ್ಯಾಲ ಒಂದು ತಿರುವಣಿ ಇರ್ತದ, ಅದನ್ನ ಗಡಿಯಾರದ ಮುಳ್ಳಿನ ಕಡಿ ಪೂರ್ತಿ ತಿರುವಿದ್ರ ಆ ಜೋನ್ ಬಂದ್, ಕರೆಂಟೂ ಬ್ಯಾಡ ಟೈಮರೂ ಬ್ಯಾಡ. ಬಾಜೂಕ ಸಣ್ಣ ಗಾಳಿ ಸ್ಕ್ರೂ ಇರ್ತದ, ಅದು ಸಡ್ಲ ಇದ್ರ ವಾಲ್ ತೆರದೇ ಇರ್ತದ, ಅದನ್ನ ಕೈಲೇ ಬಿಗಿ ಮಾಡು, ಪಕ್ಕಡ ಹಚ್ಚಬ್ಯಾಡ, ಪ್ಲಾಸ್ಟಿಕ್ ಸೀಳ್ತದ.

ಯಾವುದೂ ಆಗ್ಲಿಲ್ಲಂದ್ರ ಟಾಕಿ ನೀರು ಅರ್ಧ ಇಳಿದ ಮ್ಯಾಲ ಒಳಗಿಂದ ಗಾರ್ಡನ್ ಔಟ್‌ಲೆಟ್ ಬಾಯಿಗಿ ಅರಿವಿ ಸುತ್ತಿದ ಕಟಗಿ ಬೂಚ ಬಡಿ. ಬೂಚಕ್ಕ ಹಗ್ಗ ಕಟ್ಟೋದು ಮರೀಬ್ಯಾಡ, ಪೈಪಿನೊಳಗ ಜಾರಿದ್ರ ಆಮ್ಯಾಲ ತೆಗೆಯೋದು ಭಾಳ ತ್ರಾಸ.

ವೈರಿಂಗ್_ಬೀದರ್ · 9:52
ಡಬ್ಬಿ ತೆಗೀತೀರಲ್ಲ, ಹಂಗೇ ಓಮ್ಸೂ ನೋಡ್ಕೊಂಡು ಬಿಡ್ರಿ.

ಹಸಿರು_ಅಂಗಳ · 11:30
ಕಾಕಾ, ಸಿಕ್ತು! ಮಲ್ಲಿಗಿ ಗಿಡದ ಬುಡಕ್ಕ ಇತ್ತು, ಅರ್ಧ ಮಣ್ಣು ತುಂಬ್ಯದ. ಎರಡು ವಾಲ್. ಒಂದಕ್ಕ ಕರೀ ತಿರುವಣಿ ಇತ್ತು, ಬಂದ್ ಮಾಡ್ದೆ. ಇನ್ನೊಂದರ ಗಾಳಿ ಸ್ಕ್ರೂ ಸಡ್ಲ ಇತ್ತು, ಮಾಲಿಗಿ ಕೇಳಿದ್ರ ಮೊನ್ನಿ ಕರೆಂಟ್ ಇಲ್ದಾಗ ಹುಲ್ಲಿಗಿ ನೀರು ಬಿಡ್ಲಾಕ ತಾನೇ ತೆಗ್ದಿದ್ದೆ ಅಂದ, ಅಂವಗ ಏನೂ ಅನ್ನಲಿಲ್ಲ, ಹುಲ್ಲು ಒಣಗಬಾರ್ದು ಅಂತ ಮಾಡ್ಯಾನ. ಬಿಗಿ ಮಾಡಿದ ಮ್ಯಾಲೂ ಹತ್ತು ನಿಮಿಷ ಹರೀತು, ಆಮ್ಯಾಲ ಭಾಳ ಕಡಿಮಿ ಆಗ್ಯದ, ಆದ್ರ ಪೂರ್ತಿ ನಿಂತಿಲ್ಲ. ಕೆಳಗ ಬಕೆಟ್ ಇಟ್ಟು ಗಿಡಕ್ಕ ಹಾಕ್ಲತ್ತೀನಿ.

ಹಳೇ_ಪಂಪು · 11:48
ಹತ್ತು ನಿಮಿಷ ಹರಿದಿದ್ದು ಪೈಪಿನ್ಯಾಗ ಉಳ್ದ ನೀರು. ಈಗ ಜಿನುಗೋದು ಎರಡನೇ ವಾಲಿನ ಡಯಾಫ್ರಾಮ್. ಆ ವಾಲ್ ಬಿಚ್ಚೋ ಮುಂಚೆ ಮ್ಯಾಲಿಂದ ನೀರು ಬಂದ್ ಆಗ್ಲೇಬೇಕು, ಬೂಚ ಬಡಿದು ಆ ಮುರುಕ ಗೇಟ್ ವಾಲ್ ತೆಗೆಸಿ ಬಾಲ್ ವಾಲ್ ಹಾಕ್ಸು, ಬಾಜೂಕ ಯೂನಿಯನ್ (ಬಿಚ್ಚಿ ಮತ್ತ ಕೂಡಿಸೋ ಪೈಪ್ ಜೋಡಣಿ) ಹಾಕ್ಸು, ಮುಂದ ಪೈಪ್ ಕೊಯ್ಯೋದು ತಪ್ತದ. ಡಯಾಫ್ರಾಮ್ ಬರೀ ನೀರಿಲೇ ತೊಳಿ, ಸೀಳಿದ್ರ ಬದಲಿ ಮಾಡು.

ಲೇಥ್_ಮಷೀನ್ · 11:55
ಹಿತ್ತಾಳಿ ಗೇಟ್ ವಾಲೇ ಹೊಸಾದು ಹಾಕ್ಸ್ರಿ ಅಂತ ನನ್ನ ಅಭಿಪ್ರಾಯ.

ತೊಗರಿ_ಹೊಲ · 12:10
ಫೋಟೋ ಹಾಕೀನಿ ನೋಡ್ರಿ, ಮೊದಲನೇದು ಡಿಸ್ಕ್ ಫಿಲ್ಟರ್, ಎರಡನೇದು ವೆಂಚುರಿ.

ಹಸಿರು_ಅಂಗಳ · ರಾತ್ರಿ 9:20
ಪ್ಲಂಬರ್ ಐತವಾರ ಬರ್ತಾನಂತ. ಬೂಚ ಬಡಿದೀನಿ ಕಾಕಾ, ಹಗ್ಗ ಕಟ್ಟೀನಿ, ಈಗ ಒಂದು ಹನಿ ಇಲ್ಲ. ಪೈಪ್ 1 ಇಂಚಿಂದು ಅದ, ಬಾಲ್ ವಾಲೂ 1 ಇಂಚಿಂದೇ ತರ್ಬೇಕಲ್ರಿ? ಬಾಜೂ ಮನಿ ಅವ್ವಗ ಎರಡು ಕೊಡ ನೀರು ಕೊಟ್ಟು ಬಂದೆ.

ಯಾದಗಿರಿ_ಮನಿ · ಮರುದಿನ 7:15
ನಮ್ದೂ ಹಿಂಗೇ ಸೋರ್ತದ್ರಿ, ಆದ್ರ ನಮ್ದು ಟಾಕಿ ಇಲ್ಲ, ಸೀದಾ ಬೋರ್ ಲೈನ್. ಬೋರ್ ಬಂದ್ ಇದ್ದಾಗೂ ಅರ್ಧ ತಾಸು ನೀರು ಬರ್ತದ, ಆಮ್ಯಾಲ ತಾನೇ ನಿಲ್ತದ. ಇದಕ್ಕೂ ಡಯಾಫ್ರಾಮೇ ಏನ್ರಿ?