12 ನಾಟಿಕಲ್ ಮೈಲಿ ಆಚೆ ಕಡಲು ಯಾರ ಹೊಣೆ? (ಪಿಯು ಚರ್ಚಾಸ್ಪರ್ಧೆಗೆ ಬೇಕು)

ಮಂಡ್ಯ_ಮೇಷ್ಟ್ರು:
ಕಾಲೇಜಿನ ಮಕ್ಕಳಿಗೆ ಕೊಟ್ಟಿರೋ ವಿಷಯ "ಕಡಲ ರಕ್ಷಣೆ ರಾಜ್ಯಗಳ ಕೈಗೆ ಬರಬೇಕು". ಪುಸ್ತಕದಲ್ಲಿ 12, 24, 200 ಅನ್ನೋ ಮೂರು ಅಂಕಿ ಬಿಟ್ಟರೆ ಹುರುಳಿಲ್ಲ. ಮೀನುಗಾರಿಕೆ ರಾಜ್ಯಪಟ್ಟಿಯಲ್ಲಿದ್ದರೆ ನಡುವೆ ಕೇಂದ್ರ ಎಲ್ಲಿಂದ ಬಂತು? ಜೂನ್-ಜುಲೈನಲ್ಲಿ ಮೀನು ಹಿಡಿಯೋಹಂಗಿಲ್ಲ ಅಂತಾರೆ, ಆಗಲೂ ಮೈಸೂರು ಮಾರ್ಕೆಟ್ಟಲ್ಲಿ ಕಡಲ ಮೀನು ಇರುತ್ತೆ. ನಿಷೇಧ ಬರೀ ಕಾಗದದ ಮೇಲಿನದಾ? ಇನ್ನೊಂದು, ನಮ್ಮ ಹುಡುಗರೆಲ್ಲ "ಸಮುದ್ರ ಸೇರೋ ಕಾವೇರಿ ನೀರು ದಂಡ" ಅಂತ ಬರಕೊಂಡು ಬಂದಿದ್ದಾರೆ. ಎದುರು ತಂಡದವರು ಇದನ್ನೇ ಹಿಡಿದರೆ ಏನು ಹೇಳೋದು?

ಗೆರೆ_ಲೆಕ್ಕ:
ಮೊದಲನೇದಕ್ಕೆ ಉತ್ತರ ಸಂವಿಧಾನದ ಏಳನೇ ಅನುಸೂಚಿಯಲ್ಲೇ ಇದೆ ಸರ್. ರಾಜ್ಯಪಟ್ಟಿಯ 21ನೇ ನಮೂದು ಮೀನುಗಾರಿಕೆ. ಕೇಂದ್ರಪಟ್ಟಿಯ 57ನೇದು ಪ್ರಾದೇಶಿಕ ಜಲದಾಚೆಯ, ಅಂದರೆ ದಡದಿಂದ 12 ಮೈಲಿ ಆಚೆಯ ಮೀನುಗಾರಿಕೆ. ಅಂದರೆ 12 ಮೈಲಿವರೆಗೆ ಕರ್ನಾಟಕದ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ನಡೆಯುತ್ತೆ, ಆಚೆಗೆ ದಿಲ್ಲಿ. ಮೀನು ಬಿಟ್ಟು ತಳದಲ್ಲಿರೋ ಖನಿಜ, ತೈಲದ ಮಾತು ಬಂದರೆ ದಡದ ಪಕ್ಕದ್ದೂ ಕೇಂದ್ರದ್ದೇ, 297ನೇ ವಿಧಿ ನೋಡಿ. ಮಕ್ಕಳು ಎಡವೋದು ಇಲ್ಲೇ: ರಾಜ್ಯಕ್ಕಿರೋದು ಮೀನುಗಾರಿಕೆ ನಿಯಂತ್ರಿಸೋ ಅಧಿಕಾರ, ಕಡಲತಳದ ಒಡೆತನವಲ್ಲ.

12, 24, 200 ಬಂದದ್ದು 1976ರ ಕಡಲ ವಲಯಗಳ ಕಾಯ್ದೆಯಿಂದ. 12ರವರೆಗೆ ಪ್ರಾದೇಶಿಕ ಜಲ, 24ರವರೆಗೆ ಅದಕ್ಕೆ ತಾಗಿದ ವಲಯ. 200 ಮೈಲಿವರೆಗಿನ ವಿಶೇಷ ಆರ್ಥಿಕ ವಲಯದಲ್ಲಿ ನಮಗಿರೋದು ಸಂಪತ್ತು ಬಳಸೋ, ಕಾಪಾಡೋ ಹಕ್ಕು. ಪೂರ್ತಿ ಸಾರ್ವಭೌಮತ್ವ ಅಲ್ಲ, ಪರದೇಶದ ಹಡಗು ಹಾದು ಹೋಗೋದನ್ನ ತಡೆಯೋಕಾಗಲ್ಲ.

ಗಟ್ಟಿ ಉದಾಹರಣೆ ಬೇಕಿದ್ರೆ ಎನ್ರಿಕಾ ಲೆಕ್ಸಿ ಪ್ರಕರಣ. 2012ರಲ್ಲಿ ಕೇರಳದ ತೀರದಿಂದ ಸುಮಾರು 20.5 ನಾಟಿಕಲ್ ಮೈಲಿ ದೂರದಲ್ಲಿ ಇಟಲಿ ಹಡಗಿನ ನೌಕಾ ಯೋಧರ ಗುಂಡಿಗೆ ಇಬ್ಬರು ಮೀನುಗಾರರು ಸತ್ತರು. ಬಂಧಿಸಿದ್ದು ಕೇರಳ ಪೊಲೀಸರು. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, 12 ಮೈಲಿ ಆಚೆ ರಾಜ್ಯಕ್ಕೆ ಅಧಿಕಾರ ಇಲ್ಲ, ಕೇಂದ್ರವೇ ವಿಶೇಷ ನ್ಯಾಯಾಲಯ ಮಾಡಲಿ ಅಂತು. 2020ರಲ್ಲಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ನ್ಯಾಯಮಂಡಳಿ, ಯೋಧರ ವಿಚಾರಣೆ ಭಾರತದಲ್ಲಿ ನಡೆಯೋಹಾಗಿಲ್ಲ, ಆದರೆ ಭಾರತಕ್ಕೆ ಪರಿಹಾರ ಸಿಗಬೇಕು ಅಂತ ತೀರ್ಪು ಕೊಟ್ಟಿತು. ಇಟಲಿ ಕೊಟ್ಟಿದ್ದು 10 ಕೋಟಿ ರೂಪಾಯಿ.

ಮಂಜುಗಡ್ಡೆ_ಮೈಸೂರು:
ಮಾರ್ಕೆಟ್ ಮೀನಿನ ಬಗ್ಗೆ. ಪಶ್ಚಿಮ ಕರಾವಳಿಗೆ ನಿಷೇಧ ಜೂನ್ 1ರಿಂದ ಜುಲೈ 31. ಪೂರ್ವ ಕರಾವಳಿಗೆ ಏಪ್ರಿಲ್ 15ರಿಂದ ಜೂನ್ 14. ಎರಡೂ 61 ದಿನವೇ, ತಿಂಗಳು ಮಾತ್ರ ಬೇರೆ. ಹಾಗಾಗಿ ಮಂಗಳೂರು ಧಕ್ಕೆ, ಮಲ್ಪೆಯಂಥ ಮೀನುಗಾರಿಕೆ ಬಂದರು ಬಂದ್ ಆಗಿದ್ದಾಗಲೂ ಜೂನ್ 15ರ ನಂತರ ತಮಿಳುನಾಡು, ಆಂಧ್ರದ ಮೀನು ಐಸ್ ಹಾಕಿಕೊಂಡು ಮೈಸೂರಿಗೆ ಬರಬಹುದು. ಇದರ ಮೇಲೆ, ಕರ್ನಾಟಕದಲ್ಲಿ ಯಾಂತ್ರೀಕೃತ ಬೋಟುಗಳಿಗೂ 10 ಎಚ್‌ಪಿ ಮೀರಿದ ಎಂಜಿನ್ ದೋಣಿಗಳಿಗೂ ಮಾತ್ರ ನಿಷೇಧ. ಅದಕ್ಕಿಂತ ಚಿಕ್ಕ ನಾಡದೋಣಿ ಇಳಿಯಬಹುದು. ಬುಟ್ಟೀಲಿ ಮೀನು ಕಂಡ ತಕ್ಷಣ ಕಳ್ಳತನದ್ದು ಅನ್ನೋಕಾಗಲ್ಲ ಕಣ್ರೀ.

ನಿಷೇಧ ಸೋಲೋದು ಬೇರೆ ಜಾಗದಲ್ಲಿ. ಎರಡು ತಿಂಗಳು ಮೊಟ್ಟೆ ಇಡೋಕೆ ಬಿಟ್ಟು, ಉಳಿದ ಹತ್ತು ತಿಂಗಳು ಮರಿಗಳನ್ನ ಬಾಚಿದರೆ ಏನು ಬಂತು? ಬೋಟಿನ ಹಿಂದೆ ಎಳೆಯೋ ಟ್ರಾಲ್ ಬಲೆಯ ತುದಿಯ ಚೀಲದ ಕಣ್ಣು ಸಾಮಾನ್ಯವಾಗಿ ವಜ್ರಾಕಾರ. ಬೋಟು ಎಳೆದಾಗ ಬಿಗಿ ಬಿದ್ದು ಆ ಕಣ್ಣು ಮುಚ್ಚಿಕೊಳ್ಳುತ್ತೆ, ಬೆರಳುದ್ದದ ಮರಿಯೂ ಒಳಗೇ. ಚೌಕ ಕಣ್ಣಾದರೆ ಎಳೆತಕ್ಕೂ ತೆರೆದೇ ಇರುತ್ತೆ. ಅದಕ್ಕೇ ತುದಿ ಚೀಲಕ್ಕೆ 35 ಮಿಮೀ ಚೌಕ ಕಣ್ಣು ಬೇಕು ಅನ್ನೋ ನಿಯಮ. ಆದರೆ ಬಲೆ ತಯಾರಿಸುವಾಗಲೇ ಕಣ್ಣು ಅಳೆಯದೆ, ನಡುಗಡಲಲ್ಲಿ ಬೋಟ್ ಅಟ್ಟಿಸಿಕೊಂಡು ಹೋಗಿ ಅಳೆಯೋದು ಯಾರಿಂದ ಆಗುತ್ತೆ? ಮರಿ ಮೀನಿಗೆ ಫಿಶ್‌ಮೀಲ್ (ಮೀನಿನ ಪುಡಿ) ಕಾರ್ಖಾನೇಲಿ ಗಿರಾಕಿ ಇರೋವರೆಗೂ ಹಿಡಿಯೋರು ಹಿಡೀತಾರೆ. ಕೇರಳ ಇದಕ್ಕೆ ಕನಿಷ್ಠ ಅಳತೆ ಗೊತ್ತುಮಾಡಿತು: ಬೂತಾಯಿ 10 ಸೆಂಮೀ, ಬಂಗುಡೆ 14 ಸೆಂಮೀ. ದಡದಲ್ಲೇ ಸ್ಕೇಲ್ ಇಟ್ಟು ನೋಡಬಹುದಾದ ನಿಯಮ ಇದು. ನನ್ನ ಪ್ರಕಾರ ಸಮುದ್ರದ ಮೇಲಿನ ಹತ್ತು ಗಸ್ತಿಗಿಂತ ಬಂದರಿನ ಒಂದು ತಪಾಸಣೆ ಹೆಚ್ಚು ಕೆಲಸ ಮಾಡುತ್ತೆ, ಬಂದರು ರಾಜ್ಯದ ಕೈಯಲ್ಲೇ ಇದೆ.

ನಿಷೇಧದ ಕಾಲದ ನೆರವನ್ನೂ ಬರಕೊಳ್ಳಿ: ಮೀನುಗಾರ 1,500 ಉಳಿಸಿದರೆ ಸರ್ಕಾರದ್ದು 3,000, ಒಟ್ಟು 4,500 ರೂಪಾಯಿ. ಅಷ್ಟರಲ್ಲಿ ಮಳೆಗಾಲ ದಾಟೋದು ಕಷ್ಟ.

ಗೆರೆ_ಲೆಕ್ಕ:
ಮೇಲಿನದಕ್ಕೆ ಒಂದು ಸೇರಿಸ್ತೀನಿ. 12ರಿಂದ 200 ಮೈಲಿ ನಡುವೆ ಬಹುಕಾಲ ಕಾನೂನಿನ ದೊಡ್ಡ ಕಂದಕವೇ ಇತ್ತು. 1981ರ ಕಾಯ್ದೆ ಪರದೇಶದ ಮೀನುಗಾರಿಕಾ ಹಡಗುಗಳಿಗೆ ಮಾತ್ರ. ನಮ್ಮವೇ ಬೋಟುಗಳಿಗೆ ಅಲ್ಲಿ ಸರಿಯಾದ ಪರವಾನಗಿ ವ್ಯವಸ್ಥೆ ಇರಲಿಲ್ಲ. ಎಲ್‌ಇಡಿ ದೀಪ ಹಾಕಿ ಹಿಡಿಯೋದನ್ನ ಕೇಂದ್ರ 2017ರಲ್ಲಿ ಆದೇಶದ ಮೂಲಕ ನಿಲ್ಲಿಸಿತು. 2025ರ ನವೆಂಬರ್‌ನಲ್ಲಿ ನಿಯಮಾವಳಿ ಬಂತು: ಯಾಂತ್ರೀಕೃತ ಬೋಟುಗಳೂ ದೊಡ್ಡ ಮೋಟಾರು ದೋಣಿಗಳೂ ಬೋಟು ನೋಂದಣಿಯ ರಿಯಲ್‌ಕ್ರಾಫ್ಟ್ ಪೋರ್ಟಲ್‌ನಲ್ಲಿ ಪ್ರವೇಶ ಪಾಸ್ ಪಡೀಬೇಕು, ಸಾಂಪ್ರದಾಯಿಕ ದೋಣಿಗೆ ವಿನಾಯಿತಿ. ಎರಡು ಬೋಟು ಸೇರಿ ಒಂದೇ ಬಲೆ ಎಳೆಯೋ ಬುಲ್ ಟ್ರಾಲಿಂಗ್‌ಗೂ ತಡೆ. ತೊಡಕು ಏನಪ್ಪಾ ಅಂದರೆ, ಮೀನಿಗೆ ಗೆರೆ ಗೊತ್ತಿಲ್ಲ. ಒಂದೇ ಬಂಗುಡೆ ಹಿಂಡಿಗೆ ಈಚೆ ಒಂದು ಕಾನೂನು, ಆಚೆ ಇನ್ನೊಂದು.

ವಿಸಿ_ನಾಲೆ:
ಕಾವೇರಿ ವಿಷಯ. ಮಂಡ್ಯದಲ್ಲಿ ನಿಂತು ಇದನ್ನ ಹೇಳೋಕೆ ಎದೆ ಗಟ್ಟಿ ಬೇಕು, ಆದ್ರೂ ಲೆಕ್ಕ ಲೆಕ್ಕವೇ. ನ್ಯಾಯಮಂಡಳಿ 2007ರಲ್ಲಿ ಹಂಚಿದ್ದು 740 ಟಿಎಂಸಿ. ಅದರಲ್ಲಿ ಪರಿಸರಕ್ಕೆ 10, ತಡೆಯಲಾಗದೆ ಸಮುದ್ರ ಸೇರೋದಕ್ಕೆ 4. ಸುಪ್ರೀಂ ಕೋರ್ಟ್ 2018ರಲ್ಲಿ ಕರ್ನಾಟಕದ ಪಾಲನ್ನ 270ರಿಂದ 284.75ಕ್ಕೆ ಏರಿಸಿ ತಮಿಳುನಾಡಿನದನ್ನ 404.25ಕ್ಕೆ ಇಳಿಸಿದಾಗಲೂ ಈ 14ನ್ನ ಮುಟ್ಟಲಿಲ್ಲ. ಒಟ್ಟಿನಲ್ಲಿ ಶೇ 2ಕ್ಕೂ ಕಮ್ಮಿ. ನಮ್ಮ ಗದ್ದೆ ಒಣಗೋದು ಆ 14ರಿಂದಲ್ಲ, ಮಳೆ ಕೈಕೊಟ್ಟ ವರ್ಷ ಕೊರತೆ ಹಂಚೋ ಜಗಳದಿಂದ.

ಸಿಹಿನೀರು ಇಳಿಯದಿದ್ದರೆ ನದಿ ಕಡಲು ಸೇರೋ ಅಳಿವೆಯಲ್ಲಿ ಉಪ್ಪು ಮೇಲೇರುತ್ತೆ, ದಡದ ಬಾವಿಗಳಿಗೂ ನುಗ್ಗುತ್ತೆ. ಕಡಲಲ್ಲಿ ಹುಟ್ಟಿದ ಎಷ್ಟೋ ಜಾತಿ ಸೀಗಡಿಯ ಮರಿ ಬೆಳೆಯೋಕೆ ಬರೋದು ಅಳಿವೆಗೇ. ಕೆಆರ್‌ಎಸ್, ಮೆಟ್ಟೂರಲ್ಲಿ ಹೂಳು ನಿಂತರೆ ಮುಖಜಭೂಮಿಗೆ ಮಣ್ಣು ಸಿಗಲ್ಲ, ಅಲೆ ಕೊರೆದದ್ದು ತುಂಬಲ್ಲ. ಹುಡುಗರು "ದಂಡ" ಅನ್ನೋದನ್ನ ಕೈಬಿಟ್ಟು "ನೆರೆ ನೀರನ್ನ ಹಿಡಿದಿಡೋ ಜಾಗ ಕಮ್ಮಿ ಇದೆ" ಅನ್ನಲಿ, ಆಗ ಯಾರೂ ಹಿಡಿಯೋಕಾಗಲ್ಲ.

ಮಂಡ್ಯ_ಮೇಷ್ಟ್ರು:
ತುಂಬಾ ಉಪಕಾರ ಆಯ್ತು. ರಾಜ್ಯದ ಪರ ನಿಲ್ಲೋ ಹುಡುಗಿಗೆ ಇತ್ತೀಚಿನದು ಒಂದು ಸಿಗುತ್ತಾ?

ಗೆರೆ_ಲೆಕ್ಕ:
ಎಂಎಸ್‌ಸಿ ಎಲ್ಸಾ 3. ಲೈಬೀರಿಯಾ ಬಾವುಟದ ಹಡಗು, 2025ರ ಮೇ 25ರಂದು ಕೇರಳದಾಚೆ ಮುಳುಗಿತು. 640 ಕಂಟೇನರ್, 13ರಲ್ಲಿ ಅಪಾಯಕಾರಿ ಸರಕು. ಪ್ಲಾಸ್ಟಿಕ್ ಕಾಳು ದಡಕ್ಕೆ ಬಂದು ಬಿತ್ತು. ಕಡಲಲ್ಲಿ ಎಣ್ಣೆ ಚೆಲ್ಲಿದರೆ ಕೋಸ್ಟ್ ಗಾರ್ಡ್ ಹೊಣೆ, ದಡ ತೊಳೆಯೋದು ರಾಜ್ಯದ ಪಾಲು. ಕಾಳನ್ನ ಮರಳಿಂದ ಜರಡಿ ಹಿಡಿದು ತೆಗೀಬೇಕು, ಯಂತ್ರ ಬಿಟ್ಟರೆ ಮರಳೂ ಹೋಗುತ್ತೆ. ಕೇರಳ ಸರ್ಕಾರ 2017ರ ಅಡ್ಮಿರಾಲ್ಟಿ (ಹಡಗು, ಕಡಲ ದಾವೆಗಳ) ಕಾಯ್ದೆಯಡಿ ಹೈಕೋರ್ಟಿಗೆ ಹೋಗಿ 9,531 ಕೋಟಿ ರೂಪಾಯಿ ಕೇಳಿತು. ನಷ್ಟ ಉಣ್ಣೋರು ರಾಜ್ಯದವರು ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬೇಡ. ಎದುರು ತಂಡ ಕೊಡಬಹುದಾದ ಉತ್ತರವೂ ಇದರಲ್ಲೇ ಇದೆ: ಆ ಕಾಯ್ದೆ ಮಾಡಿದ್ದು ಸಂಸತ್ತು.

ನಾಟಿಕಲ್ ಮೈಲಿ ಅಂದರೆ 1.852 ಕಿಮೀ. 12 ಮೈಲಿಗೆ 22 ಕಿಮೀ ಚಿಲ್ಲರೆ. ರಸ್ತೆ ಮೈಲಿ ಲೆಕ್ಕ ಹಾಕಿ 19 ಅಂತ ಬರೆಯೋರೇ ಜಾಸ್ತಿ.