ಮೊದಲ ಸಲ ದೋಣಿಯ ಟ್ರೈಲರ್ ಎಳೆದೆ: 60 ದಾಟಿದರೆ ಬಾಲ ಅಲ್ಲಾಡುತ್ತದೆ, ರಿವರ್ಸ್ ಬರುವುದೇ ಇಲ್ಲ

ಹಂಗಾರಕಟ್ಟೆ:

ಎಲ್ಲರಿಗೂ ನಮಸ್ಕಾರ. ನನಗೆ ಲೈಸೆನ್ಸ್ ಸಿಕ್ಕಿ ಎಂಟು ತಿಂಗಳು. ಅಪ್ಪ ಮೂಲ್ಕಿಯಲ್ಲಿ 14 ಅಡಿಯ ಹಳೆಯ ಫೈಬರ್ ದೋಣಿಯೊಂದನ್ನು ಟ್ರೈಲರ್ ಸಮೇತ ಕೊಂಡಿದ್ದಾರೆ, ಹಿನ್ನೀರಿನಲ್ಲಿ ಗಾಳ ಹಾಕಲಿಕ್ಕೆ. ಅವರಿಗೆ ಮೊಣಕಾಲು ನೋವು, ಕ್ಲಚ್ ಒತ್ತಲಾಗುವುದಿಲ್ಲ. ಹಾಗಾಗಿ ಬೊಲೆರೊಗೆ ಕಟ್ಟಿ ಊರಿಗೆ ತಂದದ್ದು ನಾನೇ.

ಪಡುಬಿದ್ರಿಯವರೆಗೆ ಎಂತದೂ ತೊಂದರೆ ಇರಲಿಲ್ಲ. ಉಚ್ಚಿಲ ದಾಟಿದ ಮೇಲೆ ರಸ್ತೆ ಖಾಲಿ ಸಿಕ್ಕಿತೆಂದು 65ಕ್ಕೆ ಹೋದೆ. ಎಕ್ಸ್‌ಪ್ರೆಸ್ ಬಸ್ಸೊಂದು ಓವರ್‌ಟೇಕ್ ಮಾಡಿತು. ಯಾರೋ ಗಾಡಿಯ ಬಾಲ ಹಿಡಿದು ಎಡಕ್ಕೂ ಬಲಕ್ಕೂ ಜಗ್ಗಿದ ಹಾಗಾಯಿತು. ಹೆದರಿ ಬ್ರೇಕ್ ಒತ್ತಿದೆ, ಇನ್ನೂ ಜೋರಾಯಿತು. ಹೇಗೋ ಬದಿಗೆ ನಿಲ್ಲಿಸಿ, ಅಲ್ಲಿಂದ ಮನೆಯವರೆಗೆ 30ರಲ್ಲೇ ಬಂದೆ. ಕೈ ನಡುಗುತ್ತಿತ್ತು.

ಮನೆಗೆ ಬಂದರೆ ಗೇಟಿನೊಳಗೆ ರಿವರ್ಸ್ ಆಗಲಿಲ್ಲ. ಎಷ್ಟು ಸಲ ಪ್ರಯತ್ನಿಸಿದರೂ ಟ್ರೈಲರ್ ಮಡಚಿಕೊಂಡು ಪಾಗಾರದ ಕಡೆಗೇ ಹೋಗುತ್ತದೆ. ಕೊನೆಗೆ ಬಿಚ್ಚಿ ನಾಲ್ಕು ಜನ ನೂಕಿದರು. ಭಾನುವಾರ ನೀರಿಗಿಳಿಸಬೇಕೆಂದು ಅಪ್ಪನಿಗೆ ಆಸೆ. ದಯವಿಟ್ಟು ಹೇಳಿಕೊಡಿ.

ಉದ್ಯಾವರ:

ತಂಗಿ, ಮೊದಲು ನಾಲ್ಕು ವಿಷಯ ನೋಡಿ ಹೇಳಿ. ತರುವಾಗ ಎಂಜಿನ್ ದೋಣಿಯ ಹಿಂದೆಯೇ ಇತ್ತಾ? ಪೆಟ್ರೋಲ್ ಕ್ಯಾನ್, ಐಸ್ ಪೆಟ್ಟಿಗೆ ಎಲ್ಲಿದ್ದವು? ಟ್ರೈಲರಿನ ಟೈರಿನಲ್ಲಿ ಗಾಳಿ ಎಷ್ಟು? ಟೈರಿನ ಬದಿಯಲ್ಲಿ ನಾಲ್ಕಂಕಿಯ ತಯಾರಿ ಸಂಖ್ಯೆ ಇರುತ್ತದೆ, ಅದು ಎಷ್ಟು?

ಇನ್ನೊಂದು. ಮೈತೂಕ ನೋಡುವ ಯಂತ್ರ ಮನೆಯಲ್ಲಿದ್ದರೆ ಟ್ರೈಲರಿನ ಎರಡೂ ಚಕ್ರಕ್ಕೆ ಕಲ್ಲು ಕೊಟ್ಟು, ಮೂತಿಯನ್ನು, ಅಂದರೆ ಗಾಡಿಗೆ ಸಿಕ್ಕಿಸುವ ಅದರ ಮುಂದಿನ ತುದಿಯನ್ನು, ಗಾಡಿಯ ಹುಕ್ಕಿನ ಎತ್ತರಕ್ಕೇ ಬರುವ ಹಾಗೆ ಮರದ ತುಂಡೊಂದರ ಮೇಲೆ ಕೂರಿಸಿ, ಅದರ ಕೆಳಗೆ ಯಂತ್ರ ಇಡಿ. ಬಂದ ತೂಕದಿಂದ ಮರದ ತುಂಡಿನ ತೂಕ ಕಳೆಯಿರಿ. ಸಾಮಾನೆಲ್ಲ ಅವತ್ತು ಇದ್ದಲ್ಲೇ ಇರಬೇಕು.

ಹಂಗಾರಕಟ್ಟೆ:

ಅಣ್ಣ, ಎಂಜಿನ್ ಹಿಂದೆಯೇ ಇತ್ತು, ಸುಮಾರು 50 ಕೆಜಿ. ಕ್ಯಾನ್ 15 ಕೆಜಿ, ಐಸ್ ತುಂಬಿದ ಪೆಟ್ಟಿಗೆ 30 ಕೆಜಿ, ಎರಡೂ ಎಂಜಿನ್ ಪಕ್ಕದಲ್ಲಿ. ದೋಣಿ 200, ಟ್ರೈಲರ್ 140 ಎಂದು ಮಾರಿದವರು ಹೇಳಿದ್ದರು. ಗಾಳಿ ಒಂದರಲ್ಲಿ 20, ಇನ್ನೊಂದರಲ್ಲಿ 24. ಟೈರಿನಲ್ಲಿ 2316 ಎಂದಿದೆ. ಮೂತಿಯ ತೂಕ ಬರೀ 12 ಕೆಜಿ!

ಬ್ರಹ್ಮಾವರ:

ಹಿಂದೆ ಭಾರ ಇದ್ದರೆ ಹುಕ್ಕಿಗೆ ಹಗುರ, ಒಳ್ಳೆಯದೇ ಅಲ್ವಾ? ಅಲ್ಲಾಡಿದರೆ ಸ್ವಲ್ಪ ಆಕ್ಸಲರೇಟರ್ ಕೊಟ್ಟರೆ ನೇರ ಆಗುತ್ತದೆ ಎಂದು ಕೇಳಿದ್ದೇನೆ.

ಉದ್ಯಾವರ:

ದಯವಿಟ್ಟು ಇದನ್ನು ಯಾರೂ ಮಾಡಬೇಡಿ ಮಾರಾಯ್ರೆ. ವೇಗ ಹೆಚ್ಚಿದಷ್ಟೂ ಆ ಅಲ್ಲಾಟದ ಬಲ ಹೆಚ್ಚುತ್ತದೆ. ಒಮ್ಮೆ ನೇರ ಆದ ಹಾಗೆ ಕಂಡರೂ ಮುಂದಿನ ಬಸ್ಸಿನ ಗಾಳಿಗೆ ಮತ್ತೆ ಶುರುವಾಗುತ್ತದೆ, ಆಗ ನೀವು 80ರಲ್ಲಿರುತ್ತೀರಿ.

ತಂಗಿ, ನಿಮ್ಮ ಡ್ರೈವಿಂಗಿನಲ್ಲಿ ದೋಷ ಇಲ್ಲ, ಕಾರಣ ಆ 12 ಕೆಜಿಯಲ್ಲೇ ಉಂಟು. ಒಟ್ಟು ಭಾರ 435 ಕೆಜಿ. ಅದರ ಹತ್ತರಲ್ಲೊಂದು ಪಾಲಾದರೂ, ಅಂದರೆ 40ರಿಂದ 45 ಕೆಜಿ, ಮೂತಿಯಲ್ಲಿ ಕೂರಬೇಕು. ಸೈಕಲ್ಲಿನ ಕ್ಯಾರಿಯರಿನ ತುತ್ತತುದಿಗೆ ಅಕ್ಕಿ ಮುಡಿ ಕಟ್ಟಿ ತುಳಿದವರಿಗೆ ಗೊತ್ತು, ಹ್ಯಾಂಡಲ್ ಹಗುರವಾಗಿ ತಾನಾಗಿಯೇ ಆಚೀಚೆ ಹೋಗುತ್ತದೆ. ನಿಮ್ಮ ಟ್ರೈಲರಿಗೂ ಆದದ್ದು ಅದೇ. ಚಕ್ರಗಳ ಅಚ್ಚಿನ ಹಿಂದೆ ಭಾರ ಹೆಚ್ಚಾಗಿ ಮೂತಿ ಹಗುರವಾಯಿತು. ಬಸ್ಸು ಪಕ್ಕಕ್ಕೆ ಬರುವಾಗ ಗಾಳಿ ಮೊದಲು ದೂಡುತ್ತದೆ, ಆಮೇಲೆ ಒಳಗೆ ಎಳೆಯುತ್ತದೆ. ಶುರುವಾಗಲು ಅಷ್ಟೇ ಸಾಕು.

ಈಗ ಹೀಗೆ ಮಾಡಿ. ಕ್ಯಾನ್ ಮತ್ತು ಪೆಟ್ಟಿಗೆ ಎರಡನ್ನೂ ಬೊಲೆರೊದೊಳಗೆ ಇಡಿ, ಕ್ಯಾನಿನ ಮುಚ್ಚಳ ಬಿಗಿಯಾಗಿರಲಿ. ಅಚ್ಚಿನಿಂದ ಹುಕ್ಕಿಗೆ 3.2 ಮೀಟರ್, ಸಾಮಾನು ಅಚ್ಚಿನಿಂದ 1.6 ಮೀಟರ್ ಹಿಂದೆ ಇತ್ತು ಎಂದಿಟ್ಟುಕೊಂಡರೆ, 45 ಕೆಜಿ ತೆಗೆದದ್ದರಿಂದಲೇ ಮೂತಿಗೆ 22 ಕೆಜಿಯಷ್ಟು ಕೂಡುತ್ತದೆ. 34 ಆಯಿತು. ಇನ್ನು ಮುಂದಿನ ವಿಂಚ್ (ದೋಣಿ ಎಳೆಯುವ ರಾಟೆ) ಕಂಬದ ಬೋಲ್ಟ್ ಸಡಿಲಿಸಿ ಅದನ್ನು 10 ಸೆಂಟಿಮೀಟರ್ ಮುಂದೆ ಕೂರಿಸಿ, ದೋಣಿಯನ್ನೂ ಅಷ್ಟೇ ಮುಂದೆ ಎಳೆಯಿರಿ. ಸುಮಾರು 8 ಕೆಜಿ ಸೇರುತ್ತದೆ. ಸಾಮಾನು ಇಳಿದು ಒಟ್ಟು ಭಾರ 390 ಆಗಿರುವುದರಿಂದ 42 ಸಾಕು. ನಿಮ್ಮ ಅಳತೆ ಬೇರೆ ಇರಬಹುದು. ಲೆಕ್ಕವನ್ನು ನಂಬಿ ಹೊರಡಬೇಡಿ, ಮತ್ತೊಮ್ಮೆ ತೂಗಿಯೇ ಹೊರಡಿ.

2316 ಅಂದರೆ 2016ರ 23ನೇ ವಾರ. ಉಪ್ಪುಗಾಳಿಯಲ್ಲಿ ಬಿಸಿಲಿಗೆ ನಿಂತ ಅಷ್ಟು ಹಳೆಯ ಟೈರ್ ನೋಡಲು ಚೆನ್ನಾಗಿದ್ದರೂ ಬದಲಿಸಿಬಿಡಿ. ಹೊಸದಕ್ಕೆ ಅದರ ಬದಿಯಲ್ಲಿ ಬರೆದ ಗರಿಷ್ಠ ಒತ್ತಡ ನೋಡಿ ಗಾಳಿ ಹಾಕಿಸಿ, ಎರಡೂ ಕಡೆ ಸಮ ಇರಲಿ. ಟೈರ್ ಮೆತ್ತಗಿದ್ದರೂ ಬಾಲ ಅಲ್ಲಾಡುತ್ತದೆ.

ಹುಕ್ಕಿನ ಗುಂಡು 50 ಮಿಮೀಯೋ 2 ಇಂಚೋ ನೋಡಿಕೊಳ್ಳಿ. 2 ಇಂಚು ಅಂದರೆ 50.8 ಮಿಮೀ, ಕಣ್ಣಿಗೆ ಎರಡೂ ಒಂದೇ. ಮೂತಿಯಲ್ಲಿರುವ 2 ಇಂಚಿನ ಬಾಯಿಗೆ 50ರ ಗುಂಡು ಹಾಕಿದರೆ ಸಡಿಲ. ಲಾಕ್ ಹಾಕಿದ ಮೇಲೆ ಮೂತಿಯ ಪುಟ್ಟ ಚಕ್ರದ ಹ್ಯಾಂಡಲ್ ತಿರುಗಿಸಿ ಮೂತಿಯನ್ನು ಮೇಲೆತ್ತಿ. ಬೊಲೆರೊದ ಹಿಂಭಾಗವೂ ಜೊತೆಗೆ ಏಳಬೇಕು. ಮೂತಿ ಮಾತ್ರ ಎದ್ದರೆ ಲಾಕ್ ಕೂತಿಲ್ಲ. ಸುರಕ್ಷತಾ ಸರಪಳಿ ಎರಡನ್ನೂ ಮೂತಿಯ ಅಡಿಯಲ್ಲಿ ಅಡ್ಡಡ್ಡ ದಾಟಿಸಿ ಹಾಕಿ. ಹುಕ್ ಕಳಚಿದರೂ ಮೂತಿ ಸರಪಳಿಯ ತೊಟ್ಟಿಲಲ್ಲಿ ಬೀಳುತ್ತದೆ, ರಸ್ತೆಗೆ ಚುಚ್ಚುವುದಿಲ್ಲ.

ಮತ್ತೆ ಅಲ್ಲಾಡಿದರೆ ಆಕ್ಸಲರೇಟರಿನಿಂದ ಕಾಲು ತೆಗೆಯಿರಿ, ಸ್ಟೇರಿಂಗ್ ನೇರ ಹಿಡಿದುಕೊಳ್ಳಿ, ಗಾಡಿ ತಾನಾಗಿ ನಿಧಾನವಾಗಲಿ. ಅತ್ತ ಹೋದಾಗ ಇತ್ತ ತಿರುಗಿಸಬೇಡಿ, ಬ್ರೇಕ್ ತುಳಿಯಬೇಡಿ. ಎಲ್ಲ ಸರಿಯಾದ ಮೇಲೂ 50 ದಾಟುವ ಅವಸರ ಬೇಡ. ಟ್ರೈಲರಿಗೆ ಅದರದ್ದೇ ಬ್ರೇಕ್ ಇಲ್ಲ, ಆ ಭಾರವನ್ನೆಲ್ಲ ನಿಲ್ಲಿಸುವುದು ಬೊಲೆರೊವೇ. ಕಲ್ಯಾಣಪುರ, ಮಾಬುಕಳ ಸೇತುವೆಗಳ ಮೇಲೆ ಅಡ್ಡಗಾಳಿ ಬೀಸುವುದುಂಟು, ಅಲ್ಲಿ ಇನ್ನೂ ನಿಧಾನ.

ಬಾರ್ಕೂರು:

ರಿವರ್ಸ್ ವಿಷಯ ನಾನು ಹೇಳುತ್ತೇನೆ, ಟ್ರ್ಯಾಕ್ಟರಿನಲ್ಲಿ ಗೊಬ್ಬರ, ಮುರಕಲ್ಲು ಹೇರಿ ಇಪ್ಪತ್ತು ವರ್ಷ ಆಯಿತು. ನಿಮ್ಮದು ಪುಟ್ಟ ಟ್ರೈಲರ್, ಅದಕ್ಕೇ ಕಷ್ಟ. ಉದ್ದದ್ದು ನಿಧಾನ ತಿರುಗುತ್ತದೆ, ಗಿಡ್ಡದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಮಡಚುತ್ತದೆ.

ಸ್ಟೇರಿಂಗಿನ ಕೆಳಭಾಗವನ್ನು, ಗಡಿಯಾರದಲ್ಲಿ 6 ಇರುವ ಜಾಗವನ್ನು, ಒಂದೇ ಕೈಯಲ್ಲಿ ಹಿಡಿಯಿರಿ. ಟ್ರೈಲರಿನ ಬಾಲ ಎಡಕ್ಕೆ ಹೋಗಬೇಕಾದರೆ ಕೈ ಎಡಕ್ಕೆ, ಬಲಕ್ಕಾದರೆ ಬಲಕ್ಕೆ. ಉಲ್ಟಾ ಲೆಕ್ಕ ಹಾಕುವ ಕೆಲಸವೇ ಇಲ್ಲ. ಕೈ ಎರಡು ಬೆರಳಿನಷ್ಟು ಮಾತ್ರ ಸರಿಯಲಿ. ಟ್ರೈಲರ್ ತಿರುಗಲು ಶುರು ಮಾಡಿದ ಕೂಡಲೇ ಕೈಯನ್ನು ನಿಧಾನಕ್ಕೆ ವಾಪಸ್ ತಂದು, ಗಾಡಿಯೇ ಅದನ್ನು ಹಿಂಬಾಲಿಸುವಂತೆ ಬಿಡಿ. ಹೆಚ್ಚಿನವರು ತಪ್ಪುವುದು ಇಲ್ಲೇ, ತಿರುಗಿದ ಮೇಲೂ ಸ್ಟೇರಿಂಗ್ ಹಾಗೇ ಹಿಡಿದಿರುತ್ತಾರೆ. ಒಂದು ಕನ್ನಡಿಯಲ್ಲಿ ಟ್ರೈಲರ್ ದೊಡ್ಡದಾಗಿ ಕಾಣತೊಡಗಿದರೆ ಅದು ಆ ಕಡೆಗೆ ಮಡಚುತ್ತಿದೆ. ನಿಲ್ಲಿಸಿ, ಒಂದು ಗಾಡಿ ಉದ್ದ ಮುಂದೆ ಹೋಗಿ ನೇರ ಮಾಡಿಕೊಂಡು ಮತ್ತೆ ಬನ್ನಿ. ಹತ್ತು ಸಲ ಮುಂದೆ ಹೋದರೂ ನಾಚಿಕೆ ಇಲ್ಲ, ಇಳಿದು ನೋಡುವುದಕ್ಕೂ ಇಲ್ಲ.

ಏಣೆಲು (ಮಳೆಗಾಲದ ಭತ್ತ) ಕೊಯ್ದ ಗದ್ದೆ ಇನ್ನೂ ಹಸಿ, ಅಲ್ಲಿ ಕಲಿಯಲು ಹೋಗಬೇಡಿ. ರಜೆಯ ದಿನ ಶಾಲೆಯ ಮೈದಾನದಲ್ಲಿ ಕೇಳಿಕೊಂಡು ತೆಂಗಿನ ಗೆರಟೆ ಎರಡು ಸಾಲು ಇಡಿ, ಗೇಟಿನ ಅಗಲಕ್ಕೆ ಎರಡು ಅಡಿ ಸೇರಿಸಿ. ಅಭ್ಯಾಸ ಆದ ಹಾಗೆ ಸಾಲು ಹತ್ತಿರ ಮಾಡಿ. ಗೇಟಿಗೆ ಬರುವಾಗ ಟ್ರೈಲರ್ ಡ್ರೈವರ್ ಕಡೆಗೆ ತಿರುಗುವಂತೆ ಗಾಡಿ ನಿಲ್ಲಿಸಿಕೊಳ್ಳಿ. ನಿಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಚಕ್ರ ಕಾಣುತ್ತದೆ.

ಮುಂದೆ ಹೋಗುವಾಗಲೂ ತಿರುವಿನಲ್ಲಿ ಟ್ರೈಲರ್ ಒಳಗೆ ಕತ್ತರಿಸುತ್ತದೆ. ನಮ್ಮ ಒಳರಸ್ತೆಗಳಲ್ಲಿ ಮೂಲೆಯ ಪಾಗಾರ ಸವರುವುದು ಹಾಗೆಯೇ.

ಮಲ್ಪೆ:

ಇಳಿಸುವ ದಿನಕ್ಕೆ ನನ್ನದೂ ಸ್ವಲ್ಪ. ಉಬ್ಬರ ತುಂಬುವ ಹೊತ್ತಿಗೆ ಹೋಗಿ. ಇಳಿತದಲ್ಲಿ ಇಳಿಜಾರಿನ ಕೆಳಗಿನ ಪಾಚಿ ತೆರೆದುಕೊಳ್ಳುತ್ತದೆ, ಬೊಲೆರೊದ ಹಿಂಚಕ್ರ ಅದರ ಮೇಲೆ ನಿಂತರೆ ಮೇಲೆ ಬರುವುದಿಲ್ಲ. ಇವತ್ತಿನ ಸಮಯ ನೋಡಿಟ್ಟು ದಿನಕ್ಕೆ ಸುಮಾರು 50 ನಿಮಿಷ ಸೇರಿಸಿಕೊಳ್ಳಿ. ಅಪ್ಪನಿಗೆ ಇದೆಲ್ಲ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ತಲುಪಿದ ಕೂಡಲೇ ಚಕ್ರ ಮುಳುಗಿಸಬೇಡಿ. ಓಡಿ ಬಿಸಿಯಾದ ಹಬ್ (ಚಕ್ರದ ನಡುಭಾಗ) ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ಉಪ್ಪುನೀರನ್ನು ಬೇರಿಂಗಿನೊಳಗೆ ಎಳೆದುಕೊಳ್ಳುತ್ತದೆ. ಅರ್ಧ ಗಂಟೆ ಬಿಡಿ. ಅಷ್ಟರಲ್ಲಿ ಲೈಟಿನ ವಯರ್ ಕಳಚಿ, ದೋಣಿಯ ತಳದ ಬಿರಡೆ ಹಾಕಿದ್ದೀರಾ ಎಂದು ಕೈಯಿಟ್ಟು ನೋಡಿ. ವಿಂಚಿನ ಕೊಕ್ಕೆಯನ್ನು ದೋಣಿ ತೇಲುವವರೆಗೆ ಬಿಚ್ಚಬೇಡಿ. ಹ್ಯಾಂಡ್‌ಬ್ರೇಕ್, ಫಸ್ಟ್ ಗೇರ್, ಚಕ್ರಕ್ಕೆ ಕಲ್ಲು, ಮೂರೂ ಇರಲಿ.

ಟ್ರೈಲರಿನ ಕಾಗದಪತ್ರ ನಿಮ್ಮ ಹೆಸರಿಗೆ ಆಯಿತಾ? 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೈಲರ್ ಎಂದರೆ ಬೇರೆಯೇ ವಾಹನ. ಆರ್‌ಟಿಒದಲ್ಲಿ ಕೇಳಿ, ವಿಮೆಯವರಿಗೂ ತಿಳಿಸಿ.

ಹಂಗಾರಕಟ್ಟೆ:

ಎಲ್ಲರಿಗೂ ಧನ್ಯವಾದ. ಕಾಗದಪತ್ರ ವರ್ಗಾವಣೆ ಆಗಿದೆ, ವಿಮೆಯವರನ್ನು ಕೇಳುತ್ತೇನೆ. ಟೈರ್ ಹೊಸದು ಹಾಕಿಸಿದೆವು. ದೋಣಿ 12 ಸೆಂಟಿಮೀಟರ್ ಮುಂದೆ ಬಂತು, ಮೂತಿ ಈಗ 43 ಕೆಜಿ. ಶನಿವಾರ ಬೆಳಿಗ್ಗೆ ಸಂತೆಕಟ್ಟೆಯವರೆಗೆ ಹೋಗಿ ಬಂದೆ, 50ರಲ್ಲಿ ಎರಡು ಬಸ್ಸು ದಾಟಿದರೂ ಬಾಲ ಅಲ್ಲಾಡಲಿಲ್ಲ. ಮೈದಾನದಲ್ಲಿ ಎರಡು ಗಂಟೆ, ಏಳು ಗೆರಟೆ ಪುಡಿ. ಎಂಟನೇ ಸಲಕ್ಕೆ ಒಳಗೆ ಹೋಯಿತು. ಅಪ್ಪ ಚಪ್ಪಾಳೆ ತಟ್ಟಿದರು.

ಒಂದು ಸಂಶಯ. ವಾಪಸ್ ಬಂದು ಹಬ್ ಮುಟ್ಟಿದರೆ ಬಲದ್ದು ಉಗುರುಬೆಚ್ಚಗಿದೆ, ಎಡದ್ದರಲ್ಲಿ ಕೈ ಇಡಲಾಗಲಿಲ್ಲ.

ಉದ್ಯಾವರ:

ಮುಟ್ಟಿ ನೋಡಿದ್ದು ಒಳ್ಳೆಯದಾಯಿತು. ಜಾಕ್ ಕೊಟ್ಟು ಎಡ ಚಕ್ರವನ್ನು ಕೈಯಲ್ಲಿ ತಿರುಗಿಸಿ, ಗರಗರ ಎಂದರೆ ಬೇರಿಂಗ್ ಹೋಗಿದೆ. ಮುಚ್ಚಳ ತೆಗೆದು ಗ್ರೀಸಿನ ಬಣ್ಣ ನೋಡಿ.

ಹಂಗಾರಕಟ್ಟೆ:

ಮಜ್ಜಿಗೆಯ ಹಾಗೆ ಬೆಳ್ಳಗಿದೆ ಅಣ್ಣ.

ಉದ್ಯಾವರ:

ನೀರು ಸೇರಿದೆ, ಮೊದಲಿದ್ದವರ ಕಾಲದ್ದೇ ಇರಬೇಕು. ನಾಳೆ ಆ ಟ್ರೈಲರ್ ಎಳೆಯಬೇಡಿ. ಎರಡೂ ಕಡೆಯ ಬೇರಿಂಗ್ ಮತ್ತು ಸೀಲ್ ಬದಲಿಸಿ, ನೀರಿಗೆ ತಡೆಯುವ ಮರೈನ್ ಗ್ರೀಸನ್ನೇ ಕೇಳಿ. ನಟ್ ಬಿಗಿಸುವಾಗ ಚಕ್ರ ತಿರುಗಿಸುತ್ತಾ ಬಿಗಿಸಿ, ಆಮೇಲೆ ತುಸು ಸಡಿಲಿಸಿ ಹೊಸ ಸ್ಪ್ಲಿಟ್ ಪಿನ್ ಹಾಕಿ. ಸೋಮವಾರ ಗ್ಯಾರೇಜಿಗೆ ಹಬ್ ಬಿಚ್ಚಿ ತನ್ನಿ, ಜೊತೆಗೇ ಕೂತು ಮಾಡುವ. ಅಪ್ಪನಿಗೆ ಹೇಳಿ, ಒಂದು ವಾರ ತಡವಾದರೂ ದೋಣಿ ಇಳಿಯುತ್ತದೆ.